ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಫಿಲ್ಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು ಟಾರ್ಕ್ ಕನ್ವರ್ಟರ್ ಇರುವ, ಆರು ಗೇರ್‌ಗಳ ಆಟೊಮ್ಯಾಟಿಕ್ ಡೀಸೆಲ್ ಕಾರು. 90,000 ಕಿ.ಮೀ. ಓಡಿದೆ. ಶಿರಾಡಿ ಘಾಟಿಯನ್ನು ಆಗಾಗ ಹತ್ತಿ ಇಳಿಯಬೇಕಾಗುತ್ತದೆ. ಗೇರ್‌ಬಾಕ್ಸಿನ ಎಣ್ಣೆ ಕಾರು ಇರುವಷ್ಟು ಕಾಲವೂ ಬಾಳುತ್ತದೆ, ಬದಲಿಸುವುದು ಬೇಡ ಎಂದು ಸರ್ವಿಸ್ ಸೆಂಟರಿನವರು ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಈ ಮಾತನ್ನು ಒಪ್ಪಿ ಸುಮ್ಮನಿರಬೇಡಿ. ಹಲವು ಕಾರು ಕಂಪನಿಗಳು ಹೀಗೆ ಹೇಳುವುದು ನಿಜ. ಆದರೆ ಅನೇಕ ಕಾರುಗಳಿಗೆ ಗೇರ್‌ಬಾಕ್ಸ್ ತಯಾರಿಸಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳಲ್ಲಿ 80,000ದಿಂದ 1,20,000 ಕಿ.ಮೀ. ನಡುವೆ, ತಡವೆಂದರೂ 8 ವರ್ಷಗಳೊಳಗೆ, ಎಣ್ಣೆ ಬದಲಿಸುವಂತೆ ಸೂಚಿಸುತ್ತದೆ. ಗೇರ್‌ಬಾಕ್ಸ್ ಮಾಡಿದವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಘಾಟಿಯಲ್ಲಿ ಓಡುವ ನಿಮ್ಮ ಕಾರಿಗೆ 60,000 ಕಿ.ಮೀ. ಸುಮಾರಿಗೇ ಈ ಕೆಲಸ ಆಗಿದ್ದರೆ ಒಳ್ಳೆಯದಿತ್ತು; ಈಗಲಾದರೂ ಮಾಡಿಸಿ.

ಈ ಎಣ್ಣೆಯ ಕೆಲಸ ಜಾರಿಕೆ ಕೊಡುವುದಷ್ಟೇ ಅಲ್ಲ. ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರಿನೊಳಗೆ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ, ಎಣ್ಣೆ ತುಂಬಿದ ಜೋಡಣೆ) ದಾಟಿಸುವುದು, ಒತ್ತಡದಿಂದ ಒಳಗಿನ ಕ್ಲಚ್‌ಗಳನ್ನು ಬಿಗಿಹಿಡಿಸುವುದು, ಅಲ್ಲಿ ಹುಟ್ಟುವ ಶಾಖವನ್ನು ಕೂಲರ್‌ವರೆಗೆ ಹೊತ್ತೊಯ್ಯುವುದು ಎಲ್ಲವೂ ಅದರ ಪಾಲಿನದೇ. ಘಾಟಿಯ ಏರಿನಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡು ನಿಧಾನವಾಗಿ ಹತ್ತುವಾಗ ಕನ್ವರ್ಟರ್ ಪೂರ್ತಿ ಕಚ್ಚಿಕೊಳ್ಳದೆ ಜಾರುತ್ತಲೇ ಇರುವುದರಿಂದ ಎಂಜಿನ್ನಿನ ಶಕ್ತಿಯ ಒಂದು ಭಾಗ ನೇರವಾಗಿ ಎಣ್ಣೆಯನ್ನು ಕಾಯಿಸಲು ಹೋಗುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಂತೆ ಎಣ್ಣೆ ಕೆಡುವ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು. ಹಾಗಾಗಿ ಬಯಲುಸೀಮೆಯ ಹೆದ್ದಾರಿಯಲ್ಲಿ 90,000 ಕಿ.ಮೀ. ಓಡಿದ ಕಾರಿನ ಎಣ್ಣೆಯೂ ನಿಮ್ಮ ಕಾರಿನ ಎಣ್ಣೆಯೂ ಒಂದೇ ಸ್ಥಿತಿಯಲ್ಲಿರುವುದಿಲ್ಲ.

ಎಣ್ಣೆಯ ಜೊತೆಗೆ ಫಿಲ್ಟರನ್ನೂ ಬದಲಿಸಬೇಕು. ಅದು ಗೇರ್‌ಬಾಕ್ಸಿನ ಅಡಿಯ ಪ್ಯಾನ್‌ನೊಳಗೆ, ಪಂಪು ಎಣ್ಣೆ ಹೀರುವ ಬಾಯಿಯಲ್ಲಿ ಕೂತಿರುತ್ತದೆ. ಕ್ಲಚ್ ಪದರದಿಂದ ಸವೆದ ಪುಡಿ ಅದರಲ್ಲಿ ತುಂಬಿಕೊಂಡರೆ ಪಂಪಿಗೆ ಸಾಕಷ್ಟು ಎಣ್ಣೆ ಸಿಗದೆ ಒತ್ತಡ ಕುಸಿಯುತ್ತದೆ, ಒತ್ತಡ ಕುಸಿದಾಗ ಕ್ಲಚ್ ಜಾರುತ್ತದೆ, ಜಾರಿದಷ್ಟೂ ಮತ್ತಷ್ಟು ಪುಡಿ ಹುಟ್ಟುತ್ತದೆ. ಬೆಳಿಗ್ಗೆ ‘ಡಿ’ಗೆ ಹಾಕಿದ ಮೇಲೆ ಕಾರು ಹೊರಡಲು ಒಂದೆರಡು ಕ್ಷಣ ತಡೆಯುವುದು, ಎಂಜಿನ್ ವೇಗ ಏರಿದರೂ ಕಾರಿನ ವೇಗ ಏರದಿರುವುದು, ಕೆಳಗಿನಿಂದ ಸಣ್ಣ ಕೀರಲು ದನಿ ಕೇಳುವುದು ಈ ತೊಂದರೆಯ ಲಕ್ಷಣಗಳಾಗಿರಬಹುದು. ಕೆಲವು ಗೇರ್‌ಬಾಕ್ಸುಗಳಲ್ಲಿ ಫಿಲ್ಟರ್ ಪ್ಲಾಸ್ಟಿಕ್ ಪ್ಯಾನ್‌ನ ಭಾಗವೇ ಆಗಿರುವುದರಿಂದ ಇಡೀ ಪ್ಯಾನನ್ನೇ ಕೊಳ್ಳಬೇಕಾಗುತ್ತದೆ. ಖರ್ಚು ಹೆಚ್ಚೆಂದು ಅದನ್ನು ಬಿಟ್ಟು ಎಣ್ಣೆಯನ್ನಷ್ಟೇ ಬದಲಿಸಬೇಡಿ.

ಪ್ಯಾನ್ ಬಿಚ್ಚುವಾಗ ನೀವೂ ಪಕ್ಕದಲ್ಲಿ ನಿಂತು ಅದರ ತಳದ ಅಯಸ್ಕಾಂತಗಳನ್ನು ನೋಡಿ. ಬೆರಳಿಗೆ ನುಣ್ಣಗೆ ಹತ್ತುವ ಬೂದು ಬಣ್ಣದ ಕೆಸರು ಸಹಜ ಸವೆತದ್ದು. ಚೂಪಾದ ಲೋಹದ ಚೂರುಗಳಿದ್ದರೆ ಬೇರಿಂಗ್ ಅಥವಾ ಗೇರ್ ಒಡೆಯುತ್ತಿದೆ ಎಂದು ತಿಳಿಯಬೇಕು.

ಪ್ರಶ್ನೆ: 1,10,000 ಕಿ.ಮೀ. ಓಡಿದ ಹಳೆಯ ಆಟೊಮ್ಯಾಟಿಕ್ ಕಾರು ಕೊಂಡಿದ್ದೇನೆ. ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದ ದಾಖಲೆ ಇಲ್ಲ. ಯಂತ್ರ ಹಚ್ಚಿ, ಒತ್ತಡದಿಂದ ಹಳೆಯ ಎಣ್ಣೆಯನ್ನೆಲ್ಲ ಹೊರದೂಡಿ ಪೂರ್ತಿ ಫ್ಲಶ್ ಮಾಡಿಸಿ ಎಂದು ಒಬ್ಬ ಮೆಕ್ಯಾನಿಕ್ ಹೇಳಿದರೆ, ಮುಟ್ಟಿದರೆ ಗೇರ್‌ಬಾಕ್ಸ್ ಕೆಡುತ್ತದೆ ಎಂದು ಇನ್ನೊಬ್ಬರು ಹೆದರಿಸುತ್ತಾರೆ.
– ಓದುಗರೊಬ್ಬರು, ಮೈಸೂರು

ಉತ್ತರ: ಎರಡನ್ನೂ ಬಿಟ್ಟು ನಡುವಿನ ದಾರಿ ಹಿಡಿಯಿರಿ. ಹೊಸ ಎಣ್ಣೆ ಹಾಕಿದ ಮೇಲೆ ಕೆಟ್ಟಿತು ಎನ್ನಲಾಗುವ ಗೇರ್‌ಬಾಕ್ಸುಗಳಲ್ಲಿ ಬಹಳಷ್ಟು ಮೊದಲೇ ಜಾರಲು ಶುರುವಾಗಿ, ಆ ಕಾರಣಕ್ಕೇ ಎಣ್ಣೆ ಬದಲಾವಣೆಗೆ ಬಂದಿರುತ್ತವೆ. ಒಂದು ಎಚ್ಚರ ಮಾತ್ರ ಬೇಕು: ಯಂತ್ರದ ಒತ್ತಡದಿಂದ ತಳದ ಕೆಸರು ಕದಡಿ ಎಣ್ಣೆಯ ಒತ್ತಡವನ್ನು ಕ್ಲಚ್‌ಗಳಿಗೆ ಹಂಚುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ಆದ್ದರಿಂದ ಪ್ಯಾನ್ ಇಳಿಸಿ, ಫಿಲ್ಟರ್ ಬದಲಿಸಿ, ತಾನಾಗಿ ಸುರಿದಷ್ಟೇ ಪ್ರಮಾಣದ ಹೊಸ ಎಣ್ಣೆಯನ್ನು ತುಂಬಿಸುವುದು ಸುರಕ್ಷಿತ. ಕನ್ವರ್ಟರ್ ಮತ್ತು ಕೂಲರಿನಲ್ಲಿ ಉಳಿಯುವುದರಿಂದ ಹೀಗೆ ಸುಮಾರು ಅರ್ಧದಷ್ಟು ಮಾತ್ರ ಹೊರಬರುತ್ತದೆ. ಕೆಲವು ನೂರು ಕಿ.ಮೀ. ಓಡಿಸಿ ಇನ್ನೊಮ್ಮೆ ಸುರಿಸಿ ತುಂಬಿಸಿದರೆ ಹೊಸ ಎಣ್ಣೆಯ ಪಾಲು ಮುಕ್ಕಾಲಿಗೆ ಬರುತ್ತದೆ.

ಸುರಿಸುವ ಮೊದಲು ಎಣ್ಣೆ ತುಂಬುವ ರಂಧ್ರದ ಬೋಲ್ಟ್ ಸಡಿಲವಾಗುತ್ತದೆಯೇ ಎಂದು ಪರೀಕ್ಷಿಸಲು ಹೇಳಿ. ಎಣ್ಣೆಯೆಲ್ಲ ಸುರಿದ ಮೇಲೆ ಅದು ಬಿಚ್ಚಿಬಾರದಿದ್ದರೆ ಕಾರು ನಿಂತಲ್ಲೇ ನಿಲ್ಲುತ್ತದೆ. ಈಗಿನ ಬಹುತೇಕ ಗೇರ್‌ಬಾಕ್ಸುಗಳಲ್ಲಿ ಅಳತೆಯ ಕಡ್ಡಿ ಇರುವುದಿಲ್ಲ. ಕಾರನ್ನು ಸಮತಟ್ಟಾಗಿ ಎತ್ತಿ, ಎಂಜಿನ್ ಚಾಲೂ ಇಟ್ಟು, ಎಲ್ಲ ಗೇರ್‌ಗಳಲ್ಲೂ ಒಮ್ಮೆ ಹಾದುಬಂದು, ಎಣ್ಣೆಯು ಕಾರು ಕಂಪನಿ ಹೇಳಿದ ಉಷ್ಣತೆಗೆ, ಅನೇಕ ಕಾರುಗಳಲ್ಲಿ ಸುಮಾರು 40 ಡಿಗ್ರಿಗೆ, ಬಂದಾಗ ಮಟ್ಟದ ಬೋಲ್ಟ್ ತೆಗೆದರೆ ಹೆಚ್ಚಿನ ಎಣ್ಣೆ ಸಣ್ಣ ಧಾರೆಯಾಗಿ ಹರಿದು ತೊಟ್ಟಿಕ್ಕುವ ಹಂತಕ್ಕೆ ಬರಬೇಕು. ಉಷ್ಣತೆಯನ್ನು ಸ್ಕ್ಯಾನರಿನಲ್ಲಿ ಓದದೆ ಅಂದಾಜಿನಲ್ಲಿ ತುಂಬುವ ಕಡೆ ಈ ಕೆಲಸ ಕೊಡಬೇಡಿ. ಮಟ್ಟ ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಹೆಚ್ಚಾದರೆ ಎಣ್ಣೆ ನೊರೆಗಟ್ಟುತ್ತದೆ. ಹಳೆಯ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದು, ಗೇರ್ ಈಗಾಗಲೇ ಜಾರುತ್ತಿದ್ದರೆ ಹೊಸ ಎಣ್ಣೆ ಅದನ್ನು ಸರಿಮಾಡಲಾರದು; ಕ್ಲಚ್‌ಗಳ ದುರಸ್ತಿಯೇ ಆಗಬೇಕು.

ಪ್ರಶ್ನೆ: ನನ್ನ ಸಿವಿಟಿ ಕಾರಿಗೆ ಎಲ್ಲ ಆಟೊಮ್ಯಾಟಿಕ್‌ಗಳಿಗೂ ಆಗುವಂಥ ಕೆಂಪು ಎಣ್ಣೆ ಹಾಕಬಹುದೇ? ಬೆಲೆ ಅರ್ಧದಷ್ಟಿದೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹಾಕಬೇಡಿ. ಸಿವಿಟಿ ಎಂದರೆ ಹಂತಹಂತದ ಗೇರ್‌ಗಳಿಲ್ಲದ ಆಟೊಮ್ಯಾಟಿಕ್. ಅದರಲ್ಲಿ ಉಕ್ಕಿನ ಬೆಲ್ಟು ಪುಲ್ಲಿಗಳ ನಡುವೆ ಜಾರದೆ ಹಿಡಿದುಕೊಳ್ಳಬೇಕಾದ್ದರಿಂದ ಅದರ ಎಣ್ಣೆಯ ಘರ್ಷಣೆಯ ಗುಣವೇ ಬೇರೆ. ಹೋಂಡಾ ತನ್ನ ಸಿವಿಟಿಗಳಿಗೆ ಎಚ್‌ಸಿಎಫ್-2, ನಿಸಾನ್ ಎನ್‌ಎಸ್-3 ಎಂದು ಪ್ರತ್ಯೇಕ ಎಣ್ಣೆಗಳನ್ನು ಹೆಸರಿಸಿರುವುದು ಇದಕ್ಕಾಗಿಯೇ. ಕೆಂಪು ಬಣ್ಣವಂತೂ ಸೋರಿಕೆ ಗುರುತಿಸಲೆಂದು ಸೇರಿಸಿದ್ದು, ಅದರಿಂದ ಗುಣ ತಿಳಿಯದು. ಘರ್ಷಣೆಯನ್ನು ಹದಗೊಳಿಸುವ ಸೇರ್ಪಡೆ ಎಷ್ಟು ಮುಖ್ಯವೆಂದರೆ, 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಅದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬಳಸುತ್ತಿದ್ದರು. ತಿಮಿಂಗಿಲಗಳ ರಕ್ಷಣೆಗೆ ಕಾನೂನು ಬಂದ ಮೇಲೆ ಬದಲಿ ರಾಸಾಯನಿಕಗಳನ್ನು ಹುಡುಕಬೇಕಾಯಿತು. ಮಾಲೀಕರ ಕೈಪಿಡಿಯಲ್ಲಿರುವ ಹೆಸರನ್ನೇ ಡಬ್ಬಿಯ ಮೇಲೆ ನೋಡಿ ಕೊಳ್ಳಿ. ಕೆಲವು ಸಿವಿಟಿಗಳಲ್ಲಿ ಪ್ಯಾನ್‌ನ ಜಾಲರಿಯ ಜೊತೆಗೆ ಕೂಲರಿನ ಬಳಿ ಇನ್ನೊಂದು ಸಣ್ಣ ಕಾಗದದ ಫಿಲ್ಟರ್ ಇರುತ್ತದೆ. ಅದನ್ನು ಮರೆಯುವವರೇ ಹೆಚ್ಚು, ಕೇಳಿ ಹಾಕಿಸಿ.

ಪ್ರಶ್ನೆ: ನನ್ನ ಎಎಂಟಿ ಕಾರಿಗೂ ಇದೆಲ್ಲ ಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡ. ಎಎಂಟಿ ಎಂದರೆ ಸಾಮಾನ್ಯ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಒಂದು ಸಾಧನ ಮಾಡುತ್ತದೆ. ಅದಕ್ಕೆ ಮ್ಯಾನ್ಯುಯಲ್ ಗೇರ್ ಎಣ್ಣೆ ಸಾಕು, ಇಲ್ಲಿ ವಿವರಿಸಿದಂಥ ಫಿಲ್ಟರ್ ಅದರಲ್ಲಿಲ್ಲ. ಹೈಡ್ರಾಲಿಕ್ ಬಗೆಯದಾದರೆ ಆ ಸಾಧನಕ್ಕೆ ಬೇರೆಯೇ ಸಣ್ಣ ಎಣ್ಣೆ ಡಬ್ಬಿ ಇರುತ್ತದೆ. ಅದರ ಮಟ್ಟವನ್ನು ಸರ್ವಿಸಿನಲ್ಲಿ ನೋಡಿಸಿ.

ಪ್ರಶ್ನೆ: ಗೇರ್‌ಬಾಕ್ಸಿನ ಎಣ್ಣೆ ಸ್ಟ್ರಾಬೆರಿ ಹಾಲಿನ ಬಣ್ಣಕ್ಕೆ ತಿರುಗಿದೆ. ಹೊಸ ಎಣ್ಣೆ ಹಾಕಿ ಓಡಿಸಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಓಡಿಸಬೇಡಿ. ಅನೇಕ ಕಾರುಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆ ತಣಿಯುವುದು ರೇಡಿಯೇಟರಿನ ಒಳಗಿನ ಪುಟ್ಟ ಕೂಲರಿನಲ್ಲಿ. ಅದು ತೂತಾದರೆ ಎಂಜಿನ್ನಿನ ಕೂಲಂಟ್ ಎಣ್ಣೆಗೆ ಸೇರಿ ಈ ಬಣ್ಣ ಬರುತ್ತದೆ. ಕೂಲಂಟಿನಲ್ಲಿರುವ ನೀರು ಮತ್ತು ಗ್ಲೈಕಾಲ್ ಕ್ಲಚ್ ಪದರಗಳ ಅಂಟನ್ನು ಬಿಡಿಸುವುದರಿಂದ ಒಂದೊಂದು ದಿನವೂ ಹಾನಿ ಬೆಳೆಯುತ್ತದೆ. ಮೊದಲು ರೇಡಿಯೇಟರ್ ಬದಲಿಸಿ, ಕೂಲರ್ ಕೊಳವೆಗಳನ್ನು ತೊಳೆಸಿ, ಆಮೇಲೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಬೇಕು. ಮಿಶ್ರಣದೊಂದಿಗೆ ಬಹಳ ಓಡಿಸಿದ್ದರೆ ಗೇರ್‌ಬಾಕ್ಸನ್ನು ಬಿಚ್ಚಿ ನೋಡುವುದೇ ಸರಿ. ವರ್ಕ್‌ಶಾಪಿಗೆ ಸಾಗಿಸುವಾಗ ನಾಲ್ಕೂ ಚಕ್ರ ಮೇಲಿರುವಂತೆ ಫ್ಲಾಟ್‌ಬೆಡ್ ವಾಹನವನ್ನೇ ಕರೆಸಿ. ಎಂಜಿನ್ ನಿಂತಾಗ ಎಣ್ಣೆಯ ಪಂಪೂ ನಿಂತಿರುವುದರಿಂದ, ಎಂಜಿನ್ ತಿರುಗಿಸುವ ಚಕ್ರಗಳು ನೆಲಕ್ಕೆ ತಾಗಿ ಉರುಳುವಂತೆ ಎಳೆಸಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗಿ ಸವೆಯುತ್ತವೆ.