ಗೈಡ್ ಮೇಲೆ ದೂರು ಕೊಟ್ಟ ಮೇಲೂ ಅದೇ ಲ್ಯಾಬಿನಲ್ಲಿ ಕೂರಬೇಕೆ?

ನಿಮ್ಮ ತಂಗಿ ತನ್ನ ಪಿಎಚ್‌ಡಿ ಗೈಡ್ ಮೇಲೆ ಲೈಂಗಿಕ ಕಿರುಕುಳದ ದೂರು ಕೊಡಬೇಕೆಂದಿದ್ದಾಳೆ, ವಿಚಾರಣೆ ಮುಗಿಯುವ ತನಕ ಅವರ ಕೈಕೆಳಗೇ ಇರಬೇಕಾ ಎಂದು ಕೇಳಿದ್ದೀರಿ. ಇರಬೇಕಾಗಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮಾವಳಿ, ವಿಚಾರಣೆ ನಡೆಯುತ್ತಿರುವಾಗಲೇ ಕೊಡಬೇಕಾದ ನೆರವು ಯಾವುದು ಎಂದು ಸ್ಪಷ್ಟವಾಗಿ ಹೇಳಿದೆ. ಆದರೆ ಅದು ತಾನಾಗಿ ಬರುವುದಿಲ್ಲ. ಬರೆದು ಕೇಳಬೇಕು, ಬಿಡಿಬಿಡಿಯಾಗಿ ಕೇಳಬೇಕು.

ಸಿಗಬೇಕಾದದ್ದು ಇಷ್ಟು: ಬೇರೆ ಗೈಡ್ ಅಥವಾ ಬೇರೆ ವಿಭಾಗ, ಹಾಜರಾತಿಯಲ್ಲಿ ವಿನಾಯಿತಿ, ಸ್ಥಾನಮಾನಕ್ಕೂ ಸೌಲಭ್ಯಕ್ಕೂ ಧಕ್ಕೆಯಾಗದಂತೆ ಮೂರು ತಿಂಗಳವರೆಗೆ ರಜೆ. ಆರೋಪಿತರು ಅವಳ ಕೆಲಸ, ಪರೀಕ್ಷೆ ಯಾವುದರ ಮೌಲ್ಯಮಾಪನವನ್ನೂ ಮಾಡದಂತೆ ತಡೆಯಬಹುದು. ದೂರವಿರಲು ಅವರಿಗೆ ಎಚ್ಚರಿಕೆ ಕೊಡಬಹುದು, ಖಚಿತ ಬೆದರಿಕೆ ಇದ್ದರೆ ಕ್ಯಾಂಪಸ್ ಪ್ರವೇಶವನ್ನೇ ನಿಲ್ಲಿಸಬಹುದು.

ಅರ್ಜಿಯನ್ನು ಆಂತರಿಕ ದೂರು ಸಮಿತಿಗೇ (ಐಸಿಸಿ) ಕೊಡಿ. ವಿಭಾಗದ ಮುಖ್ಯಸ್ಥರ ಮೇಜಿನ ಮೇಲೆ ಇಟ್ಟು ಬಂದರೆ ಅದು ಅಲ್ಲೇ ಕೂರುತ್ತದೆ. ಮುಖ್ಯಸ್ಥರು, ಡೀನ್, ಕುಲಸಚಿವರು, ಕುಲಪತಿ ಇವರ್‍ಯಾರೂ ಸಮಿತಿಯಲ್ಲಿ ಇರುವಂತಿಲ್ಲ, ವರ್ಗಾವಣೆಗೆ ಸಮಿತಿಯ ಶಿಫಾರಸೇ ಬೇಕು. ದಿನಾಂಕ, ಸೀಲು ಹಾಕಿಸಿದ ಸ್ವೀಕೃತಿ ಪ್ರತಿ ಕೈಯಲ್ಲಿರಲಿ.

ಬಹಳಷ್ಟು ಅರ್ಜಿಗಳು ಸೋಲುವುದು ಕೊನೆಯ ಸಾಲಿನಲ್ಲಿ. ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ’ ಎಂದು ಮುಗಿಸಿದರೆ ಸಮಿತಿಗೆ ಹಿಡಿತ ಸಿಗುವುದಿಲ್ಲ. ಮೊದಲು ಆ ಗೈಡ್ ಸಹಿ ಎಲ್ಲೆಲ್ಲಿ ಬೇಕೋ ಪಟ್ಟಿ ಮಾಡಿ: ಪ್ರಗತಿ ವರದಿ, ಫೆಲೋಶಿಪ್ ಫಾರಂ, ರಜೆ ಚೀಟಿ, ಕೆಮಿಕಲ್ ತರಿಸುವ ಬೇಡಿಕೆ ಚೀಟಿ (ಇಂಡೆಂಟ್), ಸೆಮಿನಾರಿಗೆ ಹೋಗುವ ಅನುಮತಿ, ಪ್ರಬಂಧ ಸಲ್ಲಿಕೆ. ಇವಕ್ಕೆಲ್ಲ ಇನ್ನು ಮುಂದೆ ಯಾರು ಸಹಿ ಹಾಕಬೇಕು ಎಂದು ಲಿಖಿತ ಆದೇಶ ಕೇಳಿ. ಬಾಯಿಮಾತಲ್ಲಿ ಗೈಡ್ ಬದಲಾಗಿ, ದಾಖಲೆಯಲ್ಲಿ ಹಳೆಯ ಹೆಸರೇ ಉಳಿದರೆ, ಫೆಲೋಶಿಪ್ ನಿಂತ ದಿನ ಹುಡುಗಿ ಮತ್ತೆ ಅದೇ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ದೂರು ಕೊಟ್ಟವಳನ್ನೇ ಎತ್ತಿ ಬೇರೆ ಕಡೆ ಹಾಕುವುದು ಆಡಳಿತಕ್ಕೆ ಸುಲಭದ ದಾರಿ, ನನಗೆ ಅದು ಅನ್ಯಾಯವೆಂದೇ ಕಾಣುತ್ತದೆ. ನಿಯಮ ಇಬ್ಬರಲ್ಲಿ ಯಾರನ್ನಾದರೂ ವರ್ಗಾಯಿಸಲು ಬಿಡುತ್ತದೆ. ಅವಳ ಪ್ರಯೋಗದ ಯಂತ್ರ ಅದೇ ಲ್ಯಾಬಿನಲ್ಲಿದ್ದರೆ ಆ ಕಾರಣ ಬರೆದು, ತಾನು ಅಲ್ಲೇ ಉಳಿಯುತ್ತೇನೆ, ಅವರ ಪ್ರವೇಶದ ಸಮಯ ಬೇರೆ ಮಾಡಿ ಎಂದು ಕೇಳಲಿ.

ಆರೋಪಿತರಿಗೂ ಹಕ್ಕುಗಳಿವೆ, ಅವನ್ನು ಸಮಿತಿ ಕಡೆಗಣಿಸಿದರೆ ಇಡೀ ವಿಚಾರಣೆಯೇ ಮೇಲ್ಮನವಿಯಲ್ಲಿ ಬಿದ್ದುಹೋಗಬಹುದು. ದೂರು ತಲುಪಿದ 7 ದಿನದಲ್ಲಿ ಅವರಿಗೆ ಪ್ರತಿ ಹೋಗಬೇಕು, ಉತ್ತರಕ್ಕೆ 10 ದಿನ. ತಮ್ಮ ದಾಖಲೆ, ಸಾಕ್ಷಿಗಳನ್ನು ಅವರು ಒಪ್ಪಿಸಬಹುದು. ಇಬ್ಬರ ಹೆಸರೂ ಗುಟ್ಟಾಗಿರಬೇಕು; ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ನಿಮ್ಮ ಕಡೆಗೇ ಪೆಟ್ಟು. ವಕೀಲರನ್ನು ಸಮಿತಿಯ ಮುಂದೆ ಯಾರೂ ಕರೆತರುವಂತಿಲ್ಲ. ಆರೋಪಿ ವಿದ್ಯಾರ್ಥಿಯಾಗಿದ್ದು ಕ್ಯಾಂಪಸ್ ಪ್ರವೇಶ ನಿಂತಿದ್ದರೆ, ಪರೀಕ್ಷೆ ಬರೆಯಲು ಬೇರೆ ಕೊಠಡಿ, ಬೇರೆ ಸಮಯ ಕೇಳಬಹುದು. ನಿಯಮದಲ್ಲಿ ಅದನ್ನು ಬರೆದಿಲ್ಲ, ಆದರೆ ತೀರ್ಮಾನಕ್ಕೆ ಮುಂಚೆ ವರ್ಷ ಹಾಳು ಮಾಡುವುದು ಶಿಕ್ಷೆಯೇ ಆಗುತ್ತದೆ.

ಸಾಕ್ಷಿ ಹೇಳುವ ಲ್ಯಾಬಿನ ಗೆಳತಿಯರನ್ನು ಮರೆಯಬೇಡಿ. ಅವರ ಅಂಕ, ಪ್ರಗತಿ ವರದಿಯೂ ಅದೇ ಗೈಡ್ ಕೈಯಲ್ಲಿರುತ್ತದೆ. ಸಾಕ್ಷಿಗಳಿಗೂ ಕಿರುಕುಳವಾಗದಂತೆ ನೋಡುವುದು ಸಮಿತಿಯ ಕರ್ತವ್ಯ, ಅವರಿಗೂ ಮೌಲ್ಯಮಾಪಕರನ್ನು ಬದಲಿಸಿ ಎಂದು ಅದೇ ಅರ್ಜಿಯಲ್ಲಿ ಸೇರಿಸಿ.

ಗಡುವು: ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ಸರಣಿಯಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ಕಾರಣ ಬರೆದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಮೇಲ್ಮನವಿಗೆ 30 ದಿನ. ಸಕಾರಣವಿಲ್ಲದೆ ಸತತ ಮೂರು ವಿಚಾರಣೆಗೆ ಗೈರಾದರೆ, 15 ದಿನದ ನೋಟಿಸ್ ಕೊಟ್ಟು, ಅವಳ ದೂರನ್ನೇ ಮುಕ್ತಾಯ ಮಾಡಬಹುದು. ಹುಷಾರಿಲ್ಲದಿದ್ದರೆ ಅದೇ ದಿನ ಈಮೇಲ್ ಮಾಡಲಿ. ‘ಮಾತಾಡಿ ಮುಗಿಸಿಕೊಳ್ಳಿ’ ಎಂದು ಯಾರಾದರೂ ಒತ್ತಿದರೆ, ರಾಜಿ ಅವಳೇ ಕೇಳಿದರೆ ಮಾತ್ರ, ಹಣ ಅದಕ್ಕೆ ಆಧಾರವಾಗುವಂತಿಲ್ಲ ಎನ್ನಿ. ಆರೋಪ ರುಜುವಾಗದ ಮಾತ್ರಕ್ಕೆ ಅವಳ ಮೇಲೆ ಕ್ರಮ ತೆಗೆದುಕೊಳ್ಳುವಂತಿಲ್ಲ.

ಪೊಲೀಸರಿಗೆ ದೂರು ಕೊಡುವುದಾದರೆ ಅದಕ್ಕೂ ಸಮಿತಿ ನೆರವಾಗಬೇಕು. ಮಹಿಳೆಯರಿಗೆ ಕಾನೂನು ನೆರವು ಉಚಿತ, 15100ಕ್ಕೆ ಕರೆ ಮಾಡಿ. ರಾತ್ರಿ ನಿದ್ದೆ ಬಾರದೆ ಒದ್ದಾಡುತ್ತಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಲಿ, ಕನ್ನಡದಲ್ಲೇ ಮಾತಾಡಬಹುದು.