ಹಲ್ಲುಜ್ಜಿಸೋಕೆ ಯಾವ ಆ್ಯಪ್ ಅಂತ ಕೇಳಿದ ಶಹಾಪುರದ ಅಕ್ಕನಿಗೆ

ಅಕ್ಕಾ, 6 ವರ್ಷದ ಮಗನಿಗೆ ಆಟಿಸಂ ಇದೆ, ಬ್ರಷ್ ಕಂಡರೆ ಬಾಯಿ ಬಿಗಿ ಹಿಡಿದು ಚೀರುತ್ತಾನೆ, ಯಾವ ಆ್ಯಪ್ ಹಾಕಿಕೊಳ್ಳಲಿ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಇಂಥ ಮಕ್ಕಳಿಗೆ ಕಲಿಸುತ್ತೇನೆ. ಆ್ಯಪ್ ಆಮೇಲೆ ನೋಡೋಣ, ಮೊದಲು ನಿಮ್ಮ ಮೊಬೈಲಿನ ಕ್ಯಾಮೆರಾ ತೆಗೀರಿ.

ಅವನದೇ ಬ್ರಷ್, ನಿಮ್ಮ ಮನೆಯದೇ ಬಚ್ಚಲು ಇರಲಿ. ಪೇಸ್ಟ್ ಹಚ್ಚಿದ ಬ್ರಷ್, ಮುಂದಿನ ಹಲ್ಲು, ದವಡೆ ಹಲ್ಲು, ಉಗುಳೋದು, ಟವೆಲ್‌ನಿಂದ ಬಾಯಿ ಒರೆಸಿಕೊಳ್ಳೋದು. ಇಷ್ಟು ಫೋಟೊ ಸಾಲಾಗಿ ಇಟ್ಟು, ಒಂದೊಂದಕ್ಕೂ ನಿಮ್ಮ ದನಿ ಸೇರಿಸಿ. ಟವೆಲ್ ಫೋಟೊ ಮಾತ್ರ ಬಿಡಬೇಡಿ. ಇದು ಯಾವಾಗ ಮುಗಿಯುತ್ತೆ ಅಂತ ಗೊತ್ತಾಗದಿದ್ದರೆ ಈ ಮಕ್ಕಳಿಗೆ ಹೆದರಿಕೆ ಜಾಸ್ತಿ. ಹಲ್ಲುಜ್ಜುವ ಹೊತ್ತಿಗಿಂತ ಮುಂಚೆ, ಅವನು ಖುಷಿಯಾಗಿ ಕೂತಾಗ ತೋರಿಸಿ.

ಟೈಮರ್ ಆ್ಯಪ್ ಬೇಕಾದರೆ ಬಣ್ಣದ ಚಕ್ರ ಸಣ್ಣದಾಗುತ್ತಾ ಹೋಗುವಂಥದ್ದು ಹಾಕಿ. ಗುರಿ 2 ನಿಮಿಷ. ಆದರೆ 10 ಸೆಕೆಂಡಿನಿಂದ ಶುರು ಮಾಡಿ. ಬ್ರಷ್ ಡಿಜೆ ಅನ್ನೋ ಆ್ಯಪ್ 2 ನಿಮಿಷ ಹಾಡು ಹಾಕುತ್ತೆ. ಸದ್ದು ಆಗಿಬರದ ಮಗುವಿಗೆ ಅದು ಬೇಡ. ಹಲ್ಲುಜ್ಜಿಸುವಾಗ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುವೆ ಫೋನ್ ರಿಂಗಾದರೆ ಅವತ್ತಿನ ಆಟ ಅಲ್ಲಿಗೇ ಮುಗೀತು! ಬಾಯಿ ತೆರೆಸೋಕೆ ಅಂತ ಸುಮ್ನೆ ಕಾರ್ಟೂನ್ ಹಚ್ಚೋದು ನನಗೆ ಸರಿ ಕಾಣಲ್ಲ. ಅವನು ಪರದೆ ನೋಡ್ತಾನೆ, ಹಲ್ಲುಜ್ಜೋದು ಕಲಿಯಲ್ಲ.

ಅವನಿಗೆ ಇನ್ನೂ ಮಾತು ಬಂದಿಲ್ಲ ಅಂದರೆ ಐಐಟಿ ಬಾಂಬೆಯವರ ಜೆಲ್ಲೋ ಅನ್ನೋ ಆ್ಯಪ್ ನೋಡಿ. ಚಿತ್ರ ಒತ್ತಿದರೆ ಮೊಬೈಲೇ ಆ ಮಾತು ಹೇಳುತ್ತೆ, ದುಡ್ಡು ಕೊಡಬೇಕಿಲ್ಲ. ‘ಸಾಕು’, ‘ನೋವು’ ಅಂತ ಹೇಳೋದನ್ನು ಮೊದಲು ಕಲಿಸಿ. ಅವನು ‘ಸಾಕು’ ಒತ್ತಿದ ಕೂಡಲೇ ನೀವು ನಿಜವಾಗಿಯೂ ನಿಲ್ಲಿಸಬೇಕು. ಆ ನಂಬಿಕೆ ಬಂದ ಮೇಲೇ ನಾಳೆ ಬಾಯಿ ತೆರೀತಾನೆ.

ಪುದೀನಾ ಪೇಸ್ಟ್ ಎಷ್ಟೋ ಮಕ್ಕಳಿಗೆ ಖಾರ ಅನಿಸುತ್ತೆ. ಖಾರ ಇಲ್ಲದ, ನೊರೆ ಕಡಿಮೆ ಬರುವ ಪೇಸ್ಟ್ ತಂದು, ಬಟಾಣಿ ಕಾಳಿನಷ್ಟೇ ಹಚ್ಚಿ. ನಮ್ಮ ಕಡೆ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಬಹಳಷ್ಟು ಪೇಸ್ಟ್‌ನಲ್ಲೂ ಅದು ಇರುತ್ತೆ. ಮಗ ಪೇಸ್ಟ್ ನುಂಗುತ್ತಿದ್ದರೆ, ಕುಡಿಯೋ ನೀರು ಎಲ್ಲಿಯದು ಅಂತಾನೂ ದಂತ ಡಾಕ್ಟರಿಗೆ ಹೇಳಿ.

ಕಲಬುರಗಿಗೆ ಬಂದಾಗ ನಿಜಲಿಂಗಪ್ಪ ದಂತ ಕಾಲೇಜಿನಲ್ಲಿ ಮಕ್ಕಳ ದಂತ ವಿಭಾಗ ಕೇಳಿ. ಮೊದಲ ಸಲ ಕುರ್ಚಿ, ಲೈಟು, ಡಾಕ್ಟರ ಮಾಸ್ಕು ಇವುಗಳ ಫೋಟೊ ತೆಗೆದುಕೊಂಡು ಬಂದರೂ ಸಾಕು, ಮನೆಯಲ್ಲಿ ತೋರಿಸೋಕೆ ಆಗುತ್ತೆ. ಆದರೆ ಒಮ್ಮಿಂದೊಮ್ಮೆಲೆ ರೊಟ್ಟಿ ಬಿಟ್ಟರೆ, ಕೆನ್ನೆ ಹೊಡೆದುಕೊಂಡರೆ, ರಾತ್ರಿ ನಿದ್ದೆ ಮಾಡದಿದ್ದರೆ ಇದೆಲ್ಲ ಬದಿಗಿಡಿ. ಹಲ್ಲುನೋವೇ ಇರಬಹುದು, ಅವತ್ತೇ ತೋರಿಸಿ.