ರಿಸರ್ವ್ ಹನ್ನೊಂದೇ ವರ್ಷಕ್ಕೆ ಸಾಕಂತೆ, ಬಹ್ರೇನಿನ ಹಳೆ ತೈಲಕ್ಷೇತ್ರದ ಕೆಲಸ ಒಪ್ಪಬಹುದೇ?

ಈ ಭಾಗಾಕಾರ ನಾನೂ ಮಾಡಿದ್ದೆ ಮಾರಾಯ್ರೆ, ಅದೂ ಇದೇ ಫೀಲ್ಡಿಗೆ. ಸುರತ್ಕಲ್‌ನಲ್ಲಿ ಕಾಂಟ್ರಾಕ್ಟ್ ಕೆಲಸದಲ್ಲಿದ್ದಾಗ ಆಫರ್ ಬಂದಿತ್ತು. ಉಳಿದ ರಿಸರ್ವನ್ನು, ಅಂದರೆ ಇನ್ನೂ ತೆಗೆಯಬಹುದು ಅಂತ ಬರೆದಿಟ್ಟ ಎಣ್ಣೆಯನ್ನು, ವರ್ಷದ ಉತ್ಪಾದನೆಯಿಂದ ಭಾಗಿಸಿದೆ. ಮಗಳ ಪಿಯುಸಿ ಮುಗಿಯುವಷ್ಟರಲ್ಲಿ ಬಾವಿ ಖಾಲಿ ಅಂತ ಲೆಕ್ಕ ಬಂತು. ಬೇಡ ಅಂದುಬಿಟ್ಟೆ. ಬದಲಿಗೆ ಹಿಡಿದ ಹೊಸ ಪ್ರಾಜೆಕ್ಟಿನವರು ಕಮಿಷನಿಂಗ್ ಆಗಿ ಪ್ಲಾಂಟ್ ಶುರುವಾದ ಕೂಡಲೇ ನಮ್ಮನ್ನು ಊರಿಗೆ ಕಳಿಸಿದರು. 1932ರಲ್ಲಿ ಎಣ್ಣೆ ಸಿಕ್ಕ ಆ ಮುದಿ ಫೀಲ್ಡ್ ಮಾತ್ರ ನನ್ನ ಲೆಕ್ಕ ಮುಗಿದ ಮೇಲೂ ನಡೆಯುತ್ತಲೇ ಇತ್ತು.

ತಪ್ಪಿದ್ದು ಎಲ್ಲಿ ಅಂದರೆ, ನನ್ನ ತಲೆಯಲ್ಲಿ ಇದ್ದದ್ದು ಕಚ್ಚಾ ಎಣ್ಣೆ ತುಂಬಿಸಿಡುವ ನಮ್ಮ ಪಾದೂರಿನ ಬಂಡೆಗುಹೆ. ಅದು 25 ಲಕ್ಷ ಟನ್ ಹಿಡಿಯುತ್ತದೆ, ತುಂಬಿಸಿದ್ದಕ್ಕೆ ಲೆಕ್ಕ ಉಂಟು, ತೆಗೆದರೆ ಖಾಲಿ. ತೈಲಕ್ಷೇತ್ರ ಹಾಗಲ್ಲ. ಅಲ್ಲಿ ಎಣ್ಣೆ ಇರುವುದು ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ, ಹೆಚ್ಚಿನ ಕಡೆ ಅದರ ಅರ್ಧಕ್ಕಿಂತ ಜಾಸ್ತಿ ಹೊರಗೆ ಬರುವುದೇ ಇಲ್ಲ. ಇವತ್ತಿನ ತಂತ್ರಜ್ಞಾನದಲ್ಲಿ, ಇವತ್ತಿನ ದರಕ್ಕೆ ಗಿಟ್ಟುವಷ್ಟನ್ನು ಮಾತ್ರ ರಿಸರ್ವ್ ಅಂತ ಬರೆಯುತ್ತಾರೆ. ದರ ಬಿದ್ದರೆ ಒಂದು ಹನಿ ತೆಗೆಯದಿದ್ದರೂ ಅಂಕಿ ಇಳಿಯುತ್ತದೆ, ಏರಿದರೆ ಏರುತ್ತದೆ. ಇನ್ನೊಂದು, ಉತ್ಪಾದನೆ ಹನ್ನೊಂದು ವರ್ಷ ಒಂದೇ ಸಮ ಹೋಗಿ ಹನ್ನೆರಡನೇ ವರ್ಷ ಟಪ್ ಅಂತ ನಿಲ್ಲುವುದಿಲ್ಲ; ಇಳಿಯುತ್ತಾ ಇಳಿಯುತ್ತಾ ಎಳೆದುಕೊಂಡು ಹೋಗುತ್ತದೆ. ನನ್ನ ಕ್ಯಾಲ್ಕುಲೇಟರಿಗೆ ಇದೆಲ್ಲ ಎಲ್ಲಿ ಗೊತ್ತು!

ಕಾಯಿಹಾಲು ತೆಗೆದ ಹಾಗೆ: ಮೊದಲ ಹಾಲು ಸಲೀಸು, ಆಮೇಲೆ ನೀರು ಹಾಕಿ ಹಾಕಿ ಹಿಂಡಬೇಕು. ರಾಜಸ್ಥಾನದ ಬಾರ್ಮೇರಿನ ಮಂಗಲಾ ಫೀಲ್ಡಿನಲ್ಲಿ ನೀರಿಗೆ ಅದನ್ನು ಮಂದ ಮಾಡುವ ಪಾಲಿಮರ್ ಬೆರೆಸಿ ಎಣ್ಣೆಯನ್ನು ತಳ್ಳುತ್ತಾರೆ. ಗುಜರಾತಿನ ಬಾಲೋಲ್, ಸಂಥಾಲ್ ಫೀಲ್ಡುಗಳಲ್ಲಿ ಗಾಳಿ ಊದಿ ನೆಲದಡಿಯಲ್ಲೇ ಸ್ವಲ್ಪ ಎಣ್ಣೆ ಉರಿಸಿ, ಆ ಬಿಸಿಗೆ ಉಳಿದ ಗಟ್ಟಿ ಎಣ್ಣೆಯನ್ನು ತೆಳ್ಳಗೆ ಮಾಡಿ ಎತ್ತಿದ್ದಾರೆ.

ಆಮೇಲೆ ನನಗೆ ಒಮಾನಿನ ಒಂದು ಹಳೆ ಫೀಲ್ಡಿನಲ್ಲಿ ಕೆಲಸ ಸಿಕ್ಕಿತು. ಬಾವಿಯ ಸ್ಯಾಂಪಲ್ ಬಾಟಲಿ ನೋಡಿದರೆ ಪೂರ್ತಿ ಉಪ್ಪುನೀರು, ಮೇಲೆ ಬೆರಳು ದಪ್ಪ ಕಪ್ಪು ಪದರ. ಆ ನೀರನ್ನು ಎತ್ತಲು, ಬೇರ್ಪಡಿಸಲು, ತಿರುಗಿ ಒಳಗೆ ತಳ್ಳಲು ಪಂಪು, ಪೈಪು, ಸವೆತ, ವರ್ಕ್‌ಓವರ್ ಅಂದರೆ ಬಾವಿಯ ರಿಪೇರಿ. ಮೆಕ್ಯಾನಿಕಲ್‌ನವರಿಗೆ ಪುರುಸೊತ್ತೇ ಇಲ್ಲ.

ಹಾಗಾಗಿ ಎಣ್ಣೆ ಎಷ್ಟು ವರ್ಷ ಅಂತ ಕೇಳುತ್ತಾ ಕೂರಬೇಡಿ. ಖರ್ಚು ದರವನ್ನು ಮೀರಿದ ದಿನ ಎಣ್ಣೆ ಉಳಿದಿದ್ದರೂ ಬಾವಿ ಮುಚ್ಚುತ್ತಾರೆ. ವಾಟರ್‌ಕಟ್, ಅಂದರೆ ಮೇಲೆ ಬರುವುದರಲ್ಲಿ ನೀರಿನ ಪಾಲು ಎಷ್ಟು, ಬ್ಯಾರೆಲ್ ಎತ್ತುವ ಖರ್ಚು ಎಷ್ಟು ಕೇಳಿ. ವೀಸಾ ಫೀಲ್ಡ್ ನಡೆಸುವ ಕಂಪೆನಿಯದ್ದೋ (ಆಪರೇಟರ್) ಸಬ್‌ಕಾಂಟ್ರಾಕ್ಟರದ್ದೋ ಅಂತ ಅದಕ್ಕೂ ಮೊದಲು ಕೇಳಿ. ಸಬ್‌ಕಾಂಟ್ರಾಕ್ಟರದ್ದಾದರೆ ನಾನಂತೂ ಹೋಗುವುದಿಲ್ಲ, ರಿಸರ್ವ್ ನೂರು ವರ್ಷದ್ದಿದ್ದರೂ.